ಅಂಟು

ಸ್ಟಿಕರ್ ಅರ್ಧಾ ಉಗುರಿಗೆ ಬಂತು.
ಉಳಿದರ್ಧಾ ಸ್ಪಿರಿಟ್ ಹಚ್ಚಿ ತಿಕ್ಕಿ ತಗದೆ.
'ಸ್ಲೇವ್' ಅಂತ ಇತ್ತು.
ಮಂಗ್ಯಾನ ತಲಿಬುರುಡಿ ಮ್ಯಾಲಿನ ಸಣ್ಣ ಡಬ್ಬಿಗೆ ಆ ಹೆಸರು,
ಟೇಬಲ್ ಮ್ಯಾಲಿನ ದೊಡ್ಡ ಡಬ್ಬಿಗೆ 'ಮಾಸ್ಟರ್'.
ಮೂರು ವರ್ಷ, ದಿನಾ ಮುಂಜಾನೆ ಒಂಬತ್ತಕ್ಕ,
"ಇನಾಸ್, ಸ್ಲೇವ್ ಆನ್ ಆತೇನ?"
"ಆತ್ರಿ ಸರ."

ನಿನ್ನೆ ಕುಲಗೋಡ ಮೇಡಂ ಬಾಜೂಕ ಕರದ್ರು.
"ನಿಮಗ ಇಷ್ಟ ದಿನಾ ಬ್ಯಾಸರಾಗಿರಬೇಕು.
ಇನ್ನ ಆ ಶಬ್ದ ಇಲ್ಲ. 'ಪ್ರೈಮರಿ', 'ಸೆಕೆಂಡರಿ' ಅಷ್ಟ."
ಹೊಸಾ ಸ್ಟಿಕರ್ ಕೈಯಾಗ ಇಟ್ಟು, ಕೈ ನೋಡದ ಹೋದ್ರು.
ಒಳ್ಳೆ ಹೆಣ್ಮಗಳು. ಖರೇನ ಹೇಳತೇನಿ, ಒಳ್ಳೆ ಹೆಣ್ಮಗಳು.
ಹಳೇದನ್ನ ಕೆರಿಯೂ ಕೆಲಸ ಮಾತ್ರ ನಂದ.

ನಮ್ಮ ಮುತ್ತಜ್ಜನ ಮುತ್ತಜ್ಜನ್ನ ಹಡಗಿನಿಂದ ಗೋವಾಕ್ಕ ಇಳಿಸಿದಾಗ
ಎದಿ ಮ್ಯಾಲೆ ಕಾಸಿ ಒತ್ತಿದ ಅಕ್ಷರ ಇತ್ತಂತ.
ಅಂವ ಘಟ್ಟಾ ಹತ್ತಿ ಓಡಿ ಬಂದ, ಅಕ್ಷರ ಸಂಗಾಟ ಬಂತು.
ಯಾವ ಅಕ್ಷರ ಅಂತ ತಾವರಗಟ್ಟ್ಯಾಗ ಯಾರಿಗೂ ಗೊತ್ತಿಲ್ಲ.
ಓದಾಕ ಯಾರಿಗೆ ಬರತಿತ್ತು?

ನಾ ಹನ್ನೆರಡರಾಂವ ಇದ್ದಾಗ ಓಟದ ಸಾಲಿಯವರು ಬಂದ್ರು,
ಟೇಪು, ಸೀಟಿ, ಗಡಿಯಾರ ತಗೊಂಡು.
ತೊಡಿ ಅಳದ್ರು. ಹಲ್ಲೂ ನೋಡಿದ್ರು, ಯಾಕೋ.
"ಇವರ ರಕ್ತದಾಗ ಓಟ ಐತಿ" ಅಂದ್ರು.
ತೋಳಿನ ಮ್ಯಾಲೆ ಮಾರ್ಕರ್ ಪೆನ್ನಿಲೆ ನಲವತ್ತೊಂದು ಬರದ್ರು.
ನಾ ಆರನೇದಾಂವ ಬಂದೆ.
ವಾಪಸ್ ಕಳಿಸಿದ್ರು. ಅಂಕಿ ಎಂಟು ದಿನಾ ಉಳೀತು.

ಇದರ ಕಿವಿಯೊಳಗಿನ ಅಂಕಿ ಹೋಗೂದಿಲ್ಲ. ಹಚ್ಚಿ ಹಾಕ್ಯಾರ.
ನಾ ಒಂದು ಹೆಸರಿಟ್ಟೇನಿ. ನಿಮಗ ಹೇಳೂದಿಲ್ಲ.

ಬೆಳಗಾವ್ಯಾಗ ಎಲ್ಲಾರೂ ಎಲ್ಲಾರಿಗೂ ಮಂಗ್ಯಾ ಅಂತಾರ,
ಸಿಟ್ಟಿಗೂ, ಅಕ್ಕರತಿಗೂ.
ನನಗ ಅಂದಾಂವ ಮಾತ್ರ ಅರಗಳಿಗಿ ತಡೀತಾನ, ಸುತ್ತ ನೋಡತಾನ.
ಆ ಅರಗಳಿಗ್ಯಾಗ
ನಾ ಕಪ್ಪಾಗತೇನಿ.

ಸಿಬಿಟಿಯಿಂದ ಬಸ್ಸಿನಾಗ ಬಾಜೂಕ ಕುಂತಾಂವ ಕೇಳತಾನ,
"ಯಾವ ದೇಶಾರಿ?"
"ಖಾನಾಪುರ."
"ಕನ್ನಡಾ ಭಾಳ ಚಲೋ ಮಾತಾಡತೀರಿ!"
ಹಿಂದಿನ ಸೀಟಿನ ಬೆರಳು ಆಗಲೇ ನನ್ನ ಕೂದಲದಾಗ,
ಸ್ಪ್ರಿಂಗ್ ಹೌದೋ ಅಲ್ಲೋ ಪರೀಕ್ಷಾ ಮಾಡಾಕ.

ಕೆಲಸದ ಬಗ್ಗೆ ಕೆಟ್ಟ ಹೇಳಾಕ ನನಗೂ ಬಾಯಿಲ್ಲ.
ಅದು ಕುರ್ಚ್ಯಾಗ ಕುಂತು ಬರೇ ನೆನಸತೈತಿ,
ಪಡದೆ ಮ್ಯಾಲೆ ಹಸರ ಚುಕ್ಕಿ ಸರೀತೈತಿ,
ನಳಿಗೀಲೆ ಒಂದು ಹನಿ ಹಣ್ಣಿನ ರಸಾ.
ನನ್ನ ಮಾವ ಪಾಸ್ಕು ಜೇನಿನ ಮರದಿಂದ ಬಿದ್ದಾಂವ,
ಕುತ್ತಿಗಿ ಕೆಳಗ ಏನೂ ಇಲ್ಲ. ನನ್ನ ತಂಗಿ ನೊಣಾ ಹೊಡೀತಾಳ.
ಒಂದಿಲ್ಲೊಂದು ದಿನಾ ಈ ಡಬ್ಬಿ ಅವನ ಕೈಗೆ ಚಮಚಾ ಕೊಡಬಹುದು.
ಕೊಡಲಿ.
ಅವನ್ನರ ಕೇಳತಾರ, ಫಾರ್ಮ್ ಐತಿ, ಕೆಳಗ ಸಹಿಗೆ ಜಾಗಾ ಐತಿ.
ಹೆಬ್ಬಟ್ಟು ಏಳೂದಿಲ್ಲ,
ಯಾರರ ಹಿಡದು ಒತ್ತತಾರ.

ರಜಿಸ್ಟರಿನಾಗ ಕೊಂದ್ವಿ ಅಂತ ಬರಿಯೂದಿಲ್ಲ ಇಲ್ಲೆ.
'ಸ್ಯಾಕ್ರಿಫೈಸ್.' ತಾರೀಖು. ತೂಕ.
ಯಾವ ದೇವರಿಗೆ ಅಂತ ಕಾಲಂ ಇಲ್ಲ.
ಮೇಡಂ, ಇದಕ್ಕೇನು ಸ್ಟಿಕರ್ ಬಂದಿಲ್ಲೇನ್ರಿ
ಅಂತ ಕೇಳಬೇಕಂದೆ. ಅಷ್ಟ್ರಾಗ ಲಿಫ್ಟ್ ಬಂತು.

ಹೊಸಾದು ಹಚ್ಚೇನಿ. ಸೊಟ್ಟ ಕುಂತೈತಿ,
ಕೆಳಗ ಹಳೇ ಅಂಟು ಗಂಟಗಂಟ ಹತ್ತತೈತಿ ಬೆರಳಿಗೆ.
ಈಗ ಎಲ್ಲಾರೂ ಹೋಗ್ಯಾರ. ಎಸಿ ಗುಂಯ್ ಅಂತೈತಿ.
ನೀರಿನ ಬಾಟ್ಲಿ ಬದಲಿ ಮಾಡಾಕ ಬಗ್ಗಿದೆ.
ಸರಳಿನ್ಯಾಗಿಂದ ಕೈ ಹೊರಗ ಬಂತು,
ನನ್ನ ತಲಿ ಮಟಾ,
ಅಲ್ಲೇ ನಿಂತಿತು.
ಮುಟ್ಟಲಿಲ್ಲ. ಮಾರಿ ನೋಡಿತು, ಕಾಯ್ದಿತು.

ನಾ ಇನ್ನೊಂದೀಟು ಬಗ್ಗಿದೆ.
ಹೇನಿಲ್ಲೋ ಮಾರಾಯಾ, ಅಂದೆ.
ಆದ್ರೂ ಹುಡುಕಾಕ ಹತ್ತೈತಿ.